ಥೀಸಿಸ್ ಮುಗಿಯುವ ತನಕ ಶಾಸನವನ್ನು ಬಚ್ಚಿಡಬೇಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಇದು ಮೂರನೇ ವರ್ಷ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನ ಹಳೆಯ ಕೆರೆಗಳು ನನ್ನ ವಿಷಯ. ಹೋದ ಬೇಸಿಗೆಯಲ್ಲಿ ಬತ್ತಿದ ಕೆರೆಯೊಂದರ ತೂಬಿನ ಹತ್ತಿರ ಹನ್ನೊಂದು ಸಾಲಿನ ಶಾಸನ ಸಿಕ್ಕಿತು. ಎಲ್ಲೂ ಪ್ರಕಟವಾದ ಹಾಗೆ ಕಾಣೆ. ನಮ್ಮ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿಗಳೆಲ್ಲ ತಿಂಗಳಿಗೊಮ್ಮೆ ಸೇರಿ, ನಡೆಯುತ್ತಿರುವ ಕೆಲಸದ ಬಗ್ಗೆ ಮಾತಾಡುತ್ತೇವೆ. ಮುಂದಿನ ತಿಂಗಳು ನನ್ನ ಸರದಿ. ಗೈಡ್ ಸರ್ 'ಥೀಸಿಸ್ ಕೊಡುವ ತನಕ ಯಾರಿಗೂ ತೋರಿಸಬೇಡ, ಎತ್ಕೊಂಡು ಹೋಗ್ತಾರೆ' ಅಂತಾರೆ. ಸೀನಿಯರ್ ಒಬ್ಬರು ಆಗಲೇ ಫೋಟೊ ಕೇಳಿದ್ದಾರೆ. ಈಗ ಪೇಪರ್ ಮಾಡಿದರೆ ಮುಂದೆ ನಿನ್ನ ಥೀಸಿಸ್ಸೇ ಕೃತಿಚೌರ್ಯದ ಸಾಫ್ಟ್‌ವೇರ್‌ನಲ್ಲಿ ಸಿಕ್ಕಿಬೀಳುತ್ತೆ ಅಂತ ಗೆಳತಿ ಹೆದರಿಸಿದಳು. ಇನ್ನೊಂದು ವಿಷಯ, ನನಗೆ ಓದು ಪೂರ್ತಿ ಬಂದಿಲ್ಲ. ಏಳನೇ ಸಾಲಿನಲ್ಲಿ 'ಬಿತ್ತುಮಟ' ಅಂತ ಇದೆ, ಯಾವುದೋ ಮಠದ ಹೆಸರಿರಬೇಕು. ಹೀಗೆ ಅರೆಬರೆ ಇಟ್ಟುಕೊಂಡು ಎಲ್ಲರ ಮುಂದೆ ನಿಂತರೆ ನಗೆಪಾಟಲಾಗಲ್ವಾ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಇವೆ. ಕದ್ದುಬಿಡುತ್ತಾರೆ ಅನ್ನೋದು ಒಂದು. ನನ್ನ ಬರಹವೇ ನನಗೆ ಮುಳುವಾಗುತ್ತೆ ಅನ್ನೋದು ಇನ್ನೊಂದು. ತಪ್ಪು ಓದಿ ಮರ್ಯಾದೆ ಹೋಗುತ್ತೆ ಅನ್ನೋದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಉತ್ತರ ಇದೆ. ಅದಕ್ಕೆ ಮೊದಲು ನೀವು ಹೇಳದೇ ಇರುವ ನಾಲ್ಕನೆಯದರ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಜಾಸ್ತಿ ಭಯ ಇರುವುದು ಅದರ ಮೇಲೆಯೇ. ಆ ಕಲ್ಲು ಈಗಲೂ ಅಲ್ಲೇ ಇದೆಯಾ?

ನಾನು ವಿದ್ಯಾರ್ಥಿನಿಯಾಗಿದ್ದಾಗ ಕೆರೆ ಏರಿಯ ಮೇಲೆ ಒಂದು ಶಾಸನ ನೋಡಿದ್ದೆ. ಕೆಳಗಿನ ಭಾಗ ಮಣ್ಣಿನಲ್ಲಿ ಹೂತಿತ್ತು. ಮೇಲಿನ ಆರು ಸಾಲಿನ ಫೋಟೊ ತೆಗೆದುಕೊಂಡೆ. ಅಗೆಸಿ ಪೂರ್ತಿ ಓದಿ, ಆಮೇಲೆ ಎಲ್ಲರಿಗೂ ಹೇಳೋಣ ಅಂದುಕೊಂಡು ಬಂದೆ. ಮೂರು ವರ್ಷ ಬಿಟ್ಟು ಹೋದರೆ ಏರಿಗೆ ಹೊಸದಾಗಿ ಕಲ್ಲು ಕಟ್ಟಿದ್ದರು. ಊರವರು ತಿಳಿಯದೆ ನನ್ನ ಶಾಸನವನ್ನೂ ಅದರೊಳಗೆ ಸೇರಿಸಿಬಿಟ್ಟಿದ್ದರು. ಯಾವ ಕಲ್ಲು ಅಂತ ಹುಡುಕುವುದಕ್ಕೂ ಆಗಲಿಲ್ಲ. ಇವತ್ತಿಗೂ ಅದರ ಆರು ಸಾಲು ಮಾತ್ರ ಜಗತ್ತಿಗೆ ಗೊತ್ತಿರುವುದು. ಅವತ್ತು ನಾನು ಊರಿನಲ್ಲಿ ನಾಲ್ಕು ಜನಕ್ಕೆ 'ಇದು ನಿಮ್ಮ ಕೆರೆಯದೇ ಕಥೆ, ಜೋಪಾನ' ಅಂತ ಹೇಳಿ ಬಂದಿದ್ದರೆ ಆ ಕಲ್ಲು ಉಳಿಯುತ್ತಿತ್ತು. ಈಗಂತೂ ಹೂಳೆತ್ತುವ ಜೆಸಿಬಿ ಬಂದರೆ ಒಂದೇ ಬೆಳಗ್ಗೆ ಕೆಲಸ ಮುಗಿದುಹೋಗುತ್ತೆ. ಹಾಗಾಗಿ ಯಾರಿಗೂ ತೋರಿಸದೆ ಸುಮ್ನೆ ಇರುವುದೇ ಸುರಕ್ಷಿತ ಅಂತ ಅಂದುಕೊಳ್ಳಬೇಡಿ.

ಈಗ ನಿಮ್ಮ ಮೊದಲ ಭಯ. ಕದಿಯುತ್ತಾರಾ? ಕದಿಯುತ್ತಾರೆ. ಇಲ್ಲ ಅಂತ ಸುಳ್ಳು ಹೇಳಲಾರೆ. ನನ್ನ ಎಂ.ಫಿಲ್. ದಿನಗಳಲ್ಲಿ ಎರಡು ಶಾಸನಗಳ ಪಾಠವನ್ನು, ಅಂದರೆ ಕಲ್ಲಿನ ಮೇಲೆ ನಾನು ಓದಿದ ಸಾಲುಗಳನ್ನು, ಕೈಯಲ್ಲಿ ಬರೆದು ಒಬ್ಬ ಹಿರಿಯರಿಗೆ ಕೊಟ್ಟಿದ್ದೆ. ಎರಡು ವರ್ಷ ಕಳೆದ ಮೇಲೆ ಒಂದು ಸಂಪುಟದಲ್ಲಿ ಅವು ಅಚ್ಚಾದವು. ನಾನು ಅನುಮಾನದಿಂದ ಹಾಕಿದ್ದ ಪ್ರಶ್ನೆ ಗುರುತು ಕೂಡ ಹಾಗೇ ಇತ್ತು, ನನ್ನ ಹೆಸರು ಮಾತ್ರ ಇರಲಿಲ್ಲ. ತುಂಬ ದಿನ ನಿದ್ದೆ ಬಂದಿರಲಿಲ್ಲ. ಆದರೆ ಅದರಲ್ಲಿ ಒಂದು ವಿಷಯ ಗಮನಿಸಿ. ನನ್ನ ಓದು ಕಳುವಾಗಿದ್ದು ನಾನು ಸಭೆಯಲ್ಲಿ ಹೇಳಿದ್ದರಿಂದ ಅಲ್ಲ. ಒಬ್ಬರೇ ಒಬ್ಬರಿಗೆ, ತಾರೀಖಿಲ್ಲದೆ, ಸಾಕ್ಷಿಯಿಲ್ಲದೆ ಕೊಟ್ಟಿದ್ದರಿಂದ. ನಲವತ್ತು ಜನರ ಮುಂದೆ ಓದಿದ್ದರೆ ಆ ನಲವತ್ತು ಜನರೂ ನನ್ನ ಸಾಕ್ಷಿಗಳಾಗಿರುತ್ತಿದ್ದರು. ಮೂವತ್ತು ವರ್ಷದಿಂದ ವಿದ್ಯಾರ್ಥಿಗಳ ಇಂಥ ಜಗಳಗಳನ್ನು ಬಿಡಿಸುತ್ತಾ ಬಂದಿದ್ದೇನೆ. ಹೆಚ್ಚಿನವು ಹೀಗೇ ಗುಟ್ಟಾಗಿ ಕೈ ಬದಲಾದ ಹಾಳೆಗಳಿಂದ ಶುರುವಾದವು.

ಆದ್ದರಿಂದ ನಿಮ್ಮ ಸೀನಿಯರ್‌ಗೆ ಫೋಟೊ ಕೊಡುವುದಕ್ಕಿಂತ ವಿಭಾಗದ ಕೂಟದಲ್ಲಿ ಮಾತಾಡುವುದೇ ವಾಸಿ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. 'ಮುಂದಿನ ತಿಂಗಳು ಹೇಳ್ತಿದ್ದೀನಿ, ಬನ್ನಿ, ನಿಮ್ಮ ಅಭಿಪ್ರಾಯ ಬೇಕು' ಅಂದರೆ ಸಾಕು. ನಿಜವಾದ ಆಸಕ್ತಿ ಇದ್ದವರು ಬರುತ್ತಾರೆ.

ನಿಮ್ಮ ಗೈಡ್ ಮಾತನ್ನು ತಳ್ಳಿಹಾಕಬೇಡಿ. ಅವರ ಕಾಲದಲ್ಲಿ ಅದು ಸರಿಯಾದ ಎಚ್ಚರವೇ ಆಗಿತ್ತು. ಆಗ ಸಂಶೋಧಕರ ಕೆಲಸಕ್ಕೆ ತಾರೀಖು ಬೀಳುತ್ತಿದ್ದದ್ದು ಥೀಸಿಸ್ ಬೈಂಡ್ ಆದ ದಿನ. ಈಗ ಹಾಗಿಲ್ಲ. ನೋಂದಣಿ ಆದ ಮೇಲೆ ಒಪ್ಪಿಗೆಯಾದ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಹಾಕಲು ಶೋಧಗಂಗೋತ್ರಿ ಅನ್ನುವ ಜಾಲತಾಣ ಇದೆ, ಮುಗಿದ ಥೀಸಿಸ್‌ಗೆ ಶೋಧಗಂಗಾ ಇದೆ. ಎರಡನ್ನೂ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನುವ ಗ್ರಂಥಾಲಯ ಜಾಲದ ಕೇಂದ್ರ ನೋಡಿಕೊಳ್ಳುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮದ ಪ್ರಕಾರ ಪ್ರತಿ ಸೆಮಿಸ್ಟರ್ ನೀವು ಸಂಶೋಧನಾ ಸಲಹಾ ಸಮಿತಿಯ ಮುಂದೆ ಕೆಲಸ ತೋರಿಸಬೇಕು, ಚಿಕ್ಕ ವರದಿ ಕೊಡಬೇಕು. ಥೀಸಿಸ್ ಕೊಡುವ ಮೊದಲು ಮಾಡುವ ಮಂಡನೆಗೆ ಅಧ್ಯಾಪಕರು, ಬೇರೆ ವಿದ್ಯಾರ್ಥಿಗಳು ಎಲ್ಲರೂ ಬರಬಹುದು. ಅಂದರೆ ಕೆಲಸವನ್ನು ಕೊನೆಯ ತನಕ ಮುಚ್ಚಿಡುವ ದಾರಿ ನಿಯಮದಲ್ಲೇ ಇಲ್ಲ. ನಿಮ್ಮ ಸೆಮಿಸ್ಟರ್ ವರದಿಯಲ್ಲಿ ಈ ಶಾಸನದ ಊರು, ಸಿಕ್ಕ ದಿನ, ಸಾಲುಗಳ ಸಂಖ್ಯೆ, ಒಂದು ಫೋಟೊ ಹಾಕಿಬಿಡಿ. ಅದು ವಿಶ್ವವಿದ್ಯಾಲಯದ ಕಡತದಲ್ಲಿ ಕೂರುತ್ತೆ. ಅದಕ್ಕಿಂತ ಗಟ್ಟಿ ದಾಖಲೆ ಬೇಕಾ? ಇದನ್ನು ಗೈಡ್‌ಗೆ ತೋರಿಸಿ, ವರದಿ ಕೊಟ್ಟ ಮೇಲೇ ಕೂಟದಲ್ಲಿ ಮಾತಾಡುತ್ತೇನೆ ಅಂತ ಹೇಳಿ ನೋಡಿ. ಬಹಳಷ್ಟು ಗೈಡ್‌ಗಳು ಒಪ್ಪುತ್ತಾರೆ. ಒಪ್ಪದಿದ್ದರೆ ಅವರ ಬೆನ್ನ ಹಿಂದೆ ಮಾತ್ರ ಮಾಡಬೇಡಿ. ಶಾಸನ ಬಿಟ್ಟು ತಾಲ್ಲೂಕಿನ ತೂಬುಗಳ ಬಗ್ಗೆ ಮಾತಾಡಿ, ಇದನ್ನು ಮುಂದಿನ ಸರದಿಗೆ ಇಟ್ಟುಕೊಳ್ಳಿ. ಗೈಡ್ ಜೊತೆಗಿನ ನಂಬಿಕೆ ಕೆಟ್ಟರೆ ಅದನ್ನು ಸರಿಮಾಡಲು ಒಂದು ಶಾಸನದಿಂದ ಆಗಲ್ಲ.

ಹಕ್ಕಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. 'ನಾನು ಕಂಡುಹಿಡಿದ ಶಾಸನ, ನನ್ನದು' ಅಂತ ವಿದ್ಯಾರ್ಥಿಗಳು ಅಂದುಕೊಳ್ಳುತ್ತಾರೆ. ಸಾವಿರ ವರ್ಷದ ಹಿಂದಿನ ಕಲ್ಲಿನ ಮಾತಿನ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ. 1957ರ ಕಾಪಿರೈಟ್ ಕಾಯ್ದೆ ಕಾಪಾಡುವುದು ನೀವು ತೆಗೆದ ಫೋಟೊವನ್ನು, ನೀವು ಬರೆದ ಅನುವಾದವನ್ನು, ವಿವರಣೆಯನ್ನು. ವಿಚಾರವನ್ನಲ್ಲ. ಇನ್ನೊಬ್ಬರು ಅದೇ ಕೆರೆಗೆ ಹೋಗಿ, ತಾವೇ ಓದಿ, ತಾವೇ ಬರೆದರೆ ಅದು ಕಳ್ಳತನ ಆಗಲ್ಲ. ಹಾಗಾಗಿ ನಿಮ್ಮ ಥೀಸಿಸ್‌ನ ತೂಕ 'ಮೊದಲು ನೋಡಿದ್ದು ನಾನು' ಅನ್ನುವುದರ ಮೇಲೆ ನಿಲ್ಲಬಾರದು. ಒಂದು ತಾಲ್ಲೂಕಿನ ಕೆರೆಗಳೆಲ್ಲ ಸೇರಿ ಏನು ಹೇಳುತ್ತವೆ ಅನ್ನುವುದರ ಮೇಲೆ ನಿಲ್ಲಬೇಕು. ಅದನ್ನು ಯಾರೂ ಎತ್ಕೊಂಡು ಹೋಗುವುದಕ್ಕೆ ಆಗಲ್ಲ. ಮೂರು ವರ್ಷ ಬಿಸಿಲಲ್ಲಿ ತಿರುಗಿರುವುದು ನೀವು ತಾನೇ?

ಅದು ನಿಜವಾಗಲೂ ಅಪ್ರಕಟಿತವಾ ಅನ್ನೋದನ್ನೂ ಇನ್ನೊಮ್ಮೆ ನೋಡಿ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕದ ತುಮಕೂರು ಸಂಪುಟ, ಅಂದರೆ 12ನೆಯದು, 1904ರದ್ದು. ಬರೀ ಅದನ್ನು ನೋಡಿ 'ಇಲ್ಲ' ಅಂದವರು ಎಷ್ಟೋ ಜನ. ಆಮೇಲೆ ಬಂದ ಪೂರಕ ಸಂಪುಟ, ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು, ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗದ ವಾರ್ಷಿಕ ವರದಿಗಳು, ಎಲ್ಲ ತೆಗೆಯಬೇಕು. ಆ ಕೊನೆಯದರಲ್ಲಿ ಒಮ್ಮೊಮ್ಮೆ ಒಂದೇ ಸಾಲಿನ ಪಟ್ಟಿಯಲ್ಲಿ ನಿಮ್ಮ ಶಾಸನ ಕೂತಿರುತ್ತೆ. ಊರಿನ ಹೆಸರು ಬದಲಾಗಿದ್ದರೆ ಹಳೆಯ ಹೆಸರಿನಲ್ಲೂ ಹುಡುಕಿ. ಬೇಚರಾಕ್ ಆದ, ಅಂದರೆ ಜನ ಬಿಟ್ಟುಹೋದ, ಪಕ್ಕದ ಊರಿನ ಲೆಕ್ಕದಲ್ಲೂ ಇರಬಹುದು. ಈ ಕೆಲಸಕ್ಕೂ ಕೂಟವೇ ಒಳ್ಳೆಯದು. 'ಇದನ್ನು ಎಲ್ಲೋ ನೋಡಿದ ನೆನಪು' ಅನ್ನುವ ಒಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಆ ಮಾತು ವೈವಾ ದಿನ ಬರುವುದಕ್ಕಿಂತ ಈಗ ಬರುವುದು ಒಳ್ಳೆಯದು, ಅಲ್ವಾ?

ಎರಡನೇ ಭಯ, ಸಾಫ್ಟ್‌ವೇರ್. ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ ಶೇ. 10ರ ತನಕ ಇದ್ದರೆ ದಂಡ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಕೊಡುವ ಹಾಗಿಲ್ಲ. ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಕೇಳಿದರೆ ಎದೆ ಝಲ್ ಅನ್ನುತ್ತೆ. ಆದರೆ ಅದೇ ನಿಯಮ ಆಕರ ಹೇಳಿ ಉಲ್ಲೇಖಿಸಿದ ಮಾತುಗಳನ್ನು, ಗ್ರಂಥಸೂಚಿಯನ್ನು, ಪೀಠಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನುತ್ತೆ. ಕಾಕತಾಳೀಯವಾಗಿ ಹೊಂದುವ ಒಟ್ಟಿಗೆ ಹದಿನಾಲ್ಕು ಪದಗಳ ತನಕವೂ ವಿನಾಯಿತಿ ಇದೆ. ಶಾಸನದ ಪಾಠ ಉಲ್ಲೇಖವೇ. ಉದ್ಧರಣ ಚಿಹ್ನೆಯೊಳಗೆ, ಆಕರದ ಜೊತೆ ಹಾಕಿ.

ನಿಮ್ಮದೇ ಪೇಪರ್ ಥೀಸಿಸ್‌ಗೆ ಹೊಂದುವುದು ಬೇರೆ ಮಾತು. ಒಮ್ಮೆ ಪ್ರಕಟಿಸಿದ್ದನ್ನು ಹೇಳದೇ ಮತ್ತೆ ಬಳಸುವುದನ್ನು ಯುಜಿಸಿ ಒಪ್ಪುವುದಿಲ್ಲ. ಹೇಳಿ ಬಳಸಿದರೆ ತೊಂದರೆ ಇಲ್ಲ. 'ಈ ಅಧ್ಯಾಯದ ಒಂದು ಭಾಗ ಇಂಥ ಕಡೆ, ಇಂಥ ವರ್ಷ ಬಂದಿದೆ' ಅಂತ ಥೀಸಿಸ್‌ನಲ್ಲೇ ಬರೆಯಿರಿ. ತಪಾಸಣೆಯ ವೇಳೆ ಅದೇ ಪೇಪರನ್ನು ಹೋಲಿಕೆಯ ಪಟ್ಟಿಯಿಂದ ತೆಗೆಯಲು ಗೈಡ್ ಸಹಿ ಮಾಡಿದ ಪತ್ರ ಬೇಕಾಗಬಹುದು. ನಿಮ್ಮ ಲೈಬ್ರರಿಯಲ್ಲಿ ಈ ಕೆಲಸ ಯಾರು ನೋಡುತ್ತಾರೋ ಅವರನ್ನು ಈಗಲೇ ಕೇಳಿಟ್ಟುಕೊಳ್ಳಿ. ಇನ್ನು ಕೂಟದಲ್ಲಿ ಬಾಯಲ್ಲಿ ಹೇಳಿದ್ದು ಯಾವ ಸಾಫ್ಟ್‌ವೇರ್‌ಗೂ ಸಿಗಲ್ಲ. ಗೆಳತಿಗೆ ಇದನ್ನೂ ಹೇಳಿ.

ಮೂರನೆಯದು ನಾಚಿಕೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಜವಾದ ಅಡ್ಡಿ ಇದೇ. ಕಳ್ಳರ ಭಯವನ್ನು ಎಷ್ಟೋ ಸಲ ಇದನ್ನು ಮುಚ್ಚಿಕೊಳ್ಳಲು ಮುಂದಿಡುತ್ತೇವೆ.

ಕೆಲವು ವರ್ಷದ ಹಿಂದೆ ಗದಗ ಕಡೆಯ ಹುಡುಗನೊಬ್ಬ ನಮ್ಮ ಕೂಟದಲ್ಲಿ ಒಂದು ದತ್ತಿ ಶಾಸನ ಓದಿದ. ಚಾಳುಕ್ಯ ವಿಕ್ರಮ ವರ್ಷ (ಆರನೇ ವಿಕ್ರಮಾದಿತ್ಯ ಶುರುಮಾಡಿದ ಶಕೆ) 27, ನಂದನ ಸಂವತ್ಸರ ಅಂತ ಬೋರ್ಡ್ ಮೇಲೆ ಬರೆದು, 1102 ಅಂತ ಲೆಕ್ಕ ಹಾಕಿದ. ಅದರ ಮೇಲೆ ಒಂದು ಇಡೀ ವಾದ ಕಟ್ಟಿದ್ದ. ಹಿಂದಿನ ಬೆಂಚಿನಲ್ಲಿ ಕೂತಿದ್ದ, ಆಗಷ್ಟೇ ಕೋರ್ಸ್ ವರ್ಕ್ ಮಾಡುತ್ತಿದ್ದ ಹುಡುಗಿ ಬೆರಳಲ್ಲಿ ಎಣಿಸುತ್ತಿದ್ದಳು. ವಿಕ್ರಮ ವರ್ಷ ಶುರುವಾಗಿದ್ದು 1076ರ ನಳ ಸಂವತ್ಸರದಲ್ಲಿ. ಅಲ್ಲಿಂದ 27ನೇ ವರ್ಷ ಚಿತ್ರಭಾನು ಆಗಬೇಕು. ನಂದನ ಬರಬೇಕಾದರೆ 37ನೇ ವರ್ಷ, ಅಂದರೆ 1112. 'ಸರ್, ಅದು ಎರಡಾ ಮೂರಾ, ಇನ್ನೊಂದು ಸಲ ನೋಡ್ತೀರಾ?' ಅಂದಳು. ಪಡಿಯಚ್ಚು, ಅಂದರೆ ಕಲ್ಲಿನಿಂದ ಕಾಗದದ ಮೇಲೆ ತೆಗೆದ ಅಚ್ಚು, ತಂದು ಕಿಟಕಿಯ ಬೆಳಕಿಗೆ ಹಿಡಿದೆವು. ಹಳೆಯ ಕನ್ನಡ ಅಂಕಿಯಲ್ಲಿ ಎರಡೂ ಮೂರೂ ಅಕ್ಕತಂಗಿಯರ ಹಾಗೆ. ಕೆಳಗಿನ ಒಂದು ಬಳುಕು ಸವೆದಿತ್ತು. ಅದು ಮೂರೇ. ಹುಡುಗನ ಮುಖ ಕೆಂಪಾಗಿದ್ದು ಹತ್ತು ನಿಮಿಷ. ಥೀಸಿಸ್‌ನಲ್ಲಿ ಹತ್ತು ವರ್ಷದ ತಪ್ಪು ಉಳಿದಿದ್ದರೆ? ಅವನು ಆಮೇಲೆ ಆ ಹುಡುಗಿಗೆ ಅಡಿಟಿಪ್ಪಣಿಯಲ್ಲಿ ಹೆಸರು ಹೇಳಿ ಕೃತಜ್ಞತೆ ಬರೆದ. ನಮ್ಮ ಕೂಟದಲ್ಲಿ ಅವತ್ತಿನಿಂದ ಯಾರೂ ಸಂವತ್ಸರ ಎಣಿಸದೆ ಬರುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಗ್ರೀಕ್ ಅಧ್ಯಯನದಲ್ಲಿ, ಬಹಳ ಕಾಲ ಯಾರಿಗೂ ಓದಲು ಬಾರದಿದ್ದ ಲೀನಿಯರ್ ಬಿ ಅನ್ನುವ ಪ್ರಾಚೀನ ಲಿಪಿಯ ಕಥೆ ಇದಕ್ಕೆ ತುಂಬ ಚೆನ್ನಾಗಿ ಹೊಂದುತ್ತೆ. 1900ರಲ್ಲಿ ಆರ್ಥರ್ ಇವಾನ್ಸ್ ಕ್ರೀಟ್ ದ್ವೀಪದ ನೊಸಾಸ್‌ನಲ್ಲಿ ಅಗೆಯಲು ಶುರುಮಾಡಿದಾಗ ಈ ಲಿಪಿಯ ಮಣ್ಣಿನ ಹಲಗೆಗಳು ಸಿಕ್ಕವು. ಅವರು ಅದರಲ್ಲಿ ಸ್ವಲ್ಪ ಭಾಗ ಮಾತ್ರ ಪ್ರಕಟಿಸಿ ಉಳಿದದ್ದನ್ನು ತಾವೇ ಓದಬೇಕು ಅಂತ ಇಟ್ಟುಕೊಂಡರು. 1941ರಲ್ಲಿ ತೀರಿಕೊಂಡರು, ಓದಲು ಆಗಿರಲಿಲ್ಲ. ಆ ಹಲಗೆಗಳ ಸಂಪುಟ ಹೊರಬಂದದ್ದು 1952ರಲ್ಲಿ. ಅಮೆರಿಕದ ಆಲಿಸ್ ಕೋಬರ್ ಅನ್ನುವ ಅಧ್ಯಾಪಕಿ ಕೈಗೆ ಸಿಕ್ಕಷ್ಟರಲ್ಲೇ ಪದಗಳ ಕೊನೆ ಹೇಗೆ ಬದಲಾಗುತ್ತೆ ಅಂತ ತೋರಿಸಿಕೊಟ್ಟರು. 1950ರಲ್ಲಿ ಅವರೂ ಹೋಗಿಬಿಟ್ಟರು. ಎಲ್ಲ ಹಲಗೆಗಳೂ ಅವರ ಕೈಗೆ ಸಿಕ್ಕಿದ್ದರೆ ಅಂತ ನೆನೆದಾಗಲೆಲ್ಲ ನನಗೆ ಸಂಕಟ ಆಗುತ್ತೆ.

ಕೊನೆಗೆ ಅದನ್ನು ಓದಿದವರು ಮೈಕೆಲ್ ವೆಂಟ್ರಿಸ್. ವೃತ್ತಿಯಲ್ಲಿ ಕಟ್ಟಡಗಳ ನಕ್ಷೆ ಮಾಡುವವರು. ಅವರು ಮಾಡಿದ್ದೇನು ಗೊತ್ತಾ? ಕೆಲಸ ನಡೆಯುತ್ತಿರುವಾಗಲೇ ಟಿಪ್ಪಣಿಗಳನ್ನು ಬರೆದು, ಪ್ರತಿ ಮಾಡಿ, ಆ ವಿಷಯದಲ್ಲಿ ಕೆಲಸ ಮಾಡುತ್ತಿದ್ದ ವಿದ್ವಾಂಸರಿಗೆಲ್ಲ ಅಂಚೆಯಲ್ಲಿ ಕಳಿಸುತ್ತಿದ್ದರು. 1951-52ರಲ್ಲಿ ಇಪ್ಪತ್ತು ಟಿಪ್ಪಣಿ ಹೋದವು. ಇದು ಗ್ರೀಕ್ ಭಾಷೆ ಇರಬಹುದಾ ಅಂತ ಕೇಳಿದ್ದು 1952ರ ಜೂನ್‌ನ ಇಪ್ಪತ್ತನೆಯ ಟಿಪ್ಪಣಿಯಲ್ಲಿ. ಅದೂ ದಾರಿ ತಪ್ಪಿದ ಆಲೋಚನೆ ಇರಬಹುದು ಅನ್ನುವ ಅಂಜಿಕೆಯಿಂದಲೇ. ಆದರೂ ಕಳಿಸಿದರು. ಜುಲೈನಲ್ಲಿ ಬಿಬಿಸಿ ರೇಡಿಯೋದಲ್ಲಿ ಹೇಳಿದರು. ಅದನ್ನು ಕೇಳಿಸಿಕೊಂಡ ಜಾನ್ ಚಾಡ್ವಿಕ್ ಅನ್ನುವ ಗ್ರೀಕ್ ಭಾಷಾತಜ್ಞರು ಕಾಗದ ಬರೆದರು, ಇಬ್ಬರೂ ಸೇರಿ ಕೆಲಸ ಮುಗಿಸಿದರು. ಇಪ್ಪತ್ತು ಟಿಪ್ಪಣಿ ಹಂಚಿದರಲ್ಲ, ಅವರ ಹೆಸರು ಯಾರಾದರೂ ಕದ್ದರಾ? ತಾರೀಖು ಹಾಕಿದ ಆ ಹಾಳೆಗಳೇ ಇವತ್ತಿಗೂ ಅವರ ಸಾಕ್ಷಿ.

ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಅಂತಲೇ ಮುಂದಿಟ್ಟ ಇನ್ನೊಂದು ಉದಾಹರಣೆ ನಮಗೆ ಹತ್ತಿರದ್ದು. ಈಜಿಪ್ಟ್‌ನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನ ಇತ್ತು. ಭಾರತದ ತೀರದಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯ ಕಥೆ. ನಡುನಡುವೆ ಗ್ರೀಕ್ ಅಲ್ಲದ ಮಾತುಗಳು. ಆ ಹಾಳೆಗಳನ್ನು ಸಂಪಾದಿಸಿದ ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಅದನ್ನು ಇದ್ದ ಹಾಗೇ ಅಚ್ಚು ಹಾಕಿದರು. ಮರುವರ್ಷವೇ ದಕ್ಷಿಣ ಭಾರತದ ಶಾಸನಗಳಲ್ಲಿ ಪಳಗಿದ್ದ ಹುಲ್ಟ್ಸ್, ಇದು ಕನ್ನಡ ಅಂದರು. ಆಮೇಲೆ ಆರ್. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಎಲ್ಲ ಅದರ ಮೇಲೆ ಬರೆದರು. ಇವತ್ತಿಗೂ ಎಲ್ಲರೂ ಒಪ್ಪಿಲ್ಲ. ಆದರೆ ಅರ್ಥ ಆಗದ ಆ ಸಾಲುಗಳನ್ನು ಅವರಿಬ್ಬರು ನಾಚಿಕೆಪಟ್ಟು ಬಿಟ್ಟಿದ್ದರೆ ನಮ್ಮವರಿಗೆ ವಾದ ಮಾಡಲೂ ಏನೂ ಇರುತ್ತಿರಲಿಲ್ಲ.

ಇಷ್ಟು ಹೇಳಿ, ಎಲ್ಲ ಕಡೆ ಹಂಚಿಬಿಡಿ ಅಂತ ಮಾತ್ರ ಹೇಳಲ್ಲ. ಫೋನಿನ ಗುಂಪುಗಳಿಗೆ ಫೋಟೊ ಹಾಕಬೇಡಿ. ಒಂದು ಗಂಟೆಯಲ್ಲಿ ನಿಮ್ಮ ಹೆಸರು ಕಳಚಿಹೋಗುತ್ತೆ, ಫೋಟೊ ಮಾತ್ರ ತಿರುಗುತ್ತೆ. ಅದಕ್ಕಿಂತ ದೊಡ್ಡ ಅಪಾಯ ನಿಧಿ ಕಳ್ಳರದ್ದು. ಶಾಸನ ಇದ್ದ ಕಡೆ ನಿಧಿ ಇರುತ್ತೆ ಅನ್ನುವ ನಂಬಿಕೆಯಿಂದ ಎಷ್ಟು ಕಲ್ಲು ಕಿತ್ತು ಬಿಸಾಕಿದ್ದಾರೆ ಅಂತ ನಿಮಗೂ ಗೊತ್ತಿರುತ್ತೆ. ಜಾಗದ ಗುರುತು ಬೀಳುವ ಹಾಗೆ ಏನನ್ನೂ ಅಲ್ಲಿ ಹಾಕಬೇಡಿ. ಪತ್ರಿಕೆಗೆ 'ಅಪರೂಪದ ಶಾಸನ ಪತ್ತೆ' ಅಂತ ಕೊಟ್ಟರೆ ಊರಿಗೆ ಹೆಮ್ಮೆ ಬರುತ್ತೆ, ತಾರೀಖೂ ಸಿಗುತ್ತೆ. ಆದರೆ ಅವಸರದ ಓದು ಅಚ್ಚಾದರೆ ಅದನ್ನು ಅಳಿಸುವುದು ಕಷ್ಟ. ಓದು ಗಟ್ಟಿಯಾದ ಮೇಲೆ ಕೊಡಿ. ಸಮ್ಮೇಳನದ ಪೇಪರ್‌ಗೂ ಇದೇ ಮಾತು. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಂಥ ಕಡೆ ಶಾಸನ ಬಲ್ಲವರು ಎದುರಿಗೇ ಕೂತಿರುತ್ತಾರೆ, ಅಲ್ಲಿ ಓದಿ. ದುಡ್ಡು ಕಟ್ಟಿದರೆ ವಾರದಲ್ಲಿ ಹಾಕುತ್ತೇವೆ ಅನ್ನುವ ಜರ್ನಲ್‌ಗಳ ಸಹವಾಸ ಬೇಡ. 2022ರ ನಿಯಮದಲ್ಲಿ ಥೀಸಿಸ್‌ಗೆ ಮುಂಚೆ ಪೇಪರ್ ಪ್ರಕಟಿಸಲೇಬೇಕು ಅನ್ನುವ ಷರತ್ತನ್ನು ಯುಜಿಸಿಯೇ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟುಕೊಂಡಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ, ಅಷ್ಟೇ.

ಕೂಟಕ್ಕೆ ಹೋಗುವ ಮೊದಲು ಇನ್ನೊಮ್ಮೆ ಕೆರೆಗೆ ಹೋಗಿ ಬನ್ನಿ. ನೀರು ಬಂದಿದ್ದರೆ ಇಳಿಯುವ ತನಕ ಕಾಯಬೇಕಾಗುತ್ತೆ, ಕಲ್ಲಿಗೆ ನೀರಿನಿಂದ ಅಷ್ಟು ಬೇಗ ಏನೂ ಆಗಲ್ಲ. ಬೆಳಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಅಡ್ಡ ಬೀಳುವಾಗ ಫೋಟೊ ತೆಗೆಯಿರಿ. ಸೀಮೆಸುಣ್ಣ, ವಿಭೂತಿ, ಎಣ್ಣೆ ಯಾವುದನ್ನೂ ಬಳಿಯಬೇಡಿ. ಪಡಿಯಚ್ಚು ತೆಗೆಯುವುದನ್ನು ಕಲಿತವರನ್ನೇ ಕರೆದುಕೊಂಡು ಹೋಗಿ. ಕಾಗದ ಒದ್ದೆ ಮಾಡಿ ಬ್ರಷ್‌ನಿಂದ ಬಡಿಯುವುದು ನೋಡಲು ಸುಲಭ, ಕೈ ಕೂರಲು ಹತ್ತಾರು ಕಲ್ಲು ಬೇಕು. ಕಲ್ಲನ್ನು ಅಲ್ಲಿಂದ ಕದಲಿಸಬೇಡಿ. ಮೈಸೂರಿನಲ್ಲಿರುವ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೆ ಫೋಟೊ ಸಮೇತ ಒಂದು ಪತ್ರ ಹಾಕಿ. ಗ್ರಾಮ ಪಂಚಾಯಿತಿಗೂ, ಕೆರೆಯ ನೀರು ಬಿಡುವ ನೀರುಗಂಟಿಗೂ, ಕೆರೆ ಪಕ್ಕದ ಹೊಲದವರಿಗೂ ಹೇಳಿ ಬನ್ನಿ.

ಕೂಟದಲ್ಲಿ ಇಪ್ಪತ್ತು ನಿಮಿಷ ಇದ್ದರೆ ಹತ್ತೇ ನಿಮಿಷ ಮಾತಾಡಿ. ಹನ್ನೊಂದು ಸಾಲನ್ನೂ ಪ್ರತಿ ಮಾಡಿ ಎಲ್ಲರ ಕೈಗೆ ಕೊಡಿ. ಹಾಳೆಯ ಮೇಲೆ ನಿಮ್ಮ ಹೆಸರು, ತಾರೀಖು, 'ಓದು ನಡೆಯುತ್ತಿದೆ' ಅನ್ನುವ ಮಾತು ಇರಲಿ. ಗಟ್ಟಿ ಅಕ್ಷರಗಳನ್ನು ಹಾಗೇ ಬರೆಯಿರಿ, ಅನುಮಾನದವನ್ನು ಕಂಸದಲ್ಲಿ ಹಾಕಿ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರೋ ಅಲ್ಲೇ ಬೆರಳಿಟ್ಟು ಕೇಳಿ.

ಏಳನೇ ಸಾಲಿನಿಂದಲೇ ಶುರುಮಾಡಬಹುದು. ಸವೆದ ಕಲ್ಲಿನ ಮೇಲೆ 'ವ' ಮತ್ತು 'ಮ' ಮೋಸ ಮಾಡುವುದು ಜಾಸ್ತಿ. ನಾನು ಕಲ್ಲು ನೋಡಿಲ್ಲ, ಆದರೆ ತೂಬಿನ ಹತ್ತಿರದ ಶಾಸನ, ಅದೂ ನಿಮ್ಮ ಕಡೆಯದು ಅಂದ ಕೂಡಲೇ ನನಗೆ ಅಲ್ಲಿ ಮಠ ಕಾಣಲಿಲ್ಲ. 'ಬಿತ್ತುವಟ' ಇರಬಹುದಾ ನೋಡಿ. ಗಂಗರ, ನೊಳಂಬರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ನೋಡಿಕೊಳ್ಳುವುದಕ್ಕೆ ಅಂತ ಬಿಟ್ಟುಕೊಡುತ್ತಿದ್ದ ಭೂಮಿ. ಹಾಗಿದ್ದರೆ ಎಂಟನೇ ಸಾಲಿನಲ್ಲಿ ಎಷ್ಟು ಭೂಮಿ ಅನ್ನುವ ಅಳತೆಯೋ, ಯಾರಿಗೆ ಅನ್ನುವ ಹೆಸರೋ ಇರಬೇಕು. ಅಲ್ಲಿ ಏನಿದೆ?